ಗುಳ್ಳೆ ಎದ್ದ ಜಾಗ

ಗುಜರಿಯಿಂದ ತಂದ ಕಂಪ್ರೆಸರ್ ಮೊದಲ ದಿನವೇ ಬುಸ್ಸೆನ್ನತೊಡಗಿತು. ಅದರಲ್ಲಿ ಗಾಳಿ ನಿಲ್ಲದಿದ್ದರೆ ನೀಲವ್ವನ ಪಂಕ್ಚರ್ ಅಂಗಡಿ ಬಾಗಿಲು ಹಾಕಬೇಕು. ಅವಳು ಸೋಪಿನ ನೀರನ್ನು ಇಂಚಿಂಚಿಗೂ ಹಚ್ಚುತ್ತ ಹೋದಳು. ಟ್ಯಾಂಕಿನ ಅಡಿಯಲ್ಲಿ ಗುಳ್ಳೆಗಳು ಎದ್ದವು.

“ಥೂ! ತೂತಿನ ಮ್ಯಾಲೆ ಬಣ್ಣ ಬಳದು ಮಾರ್ಯಾರಲ್ರೀ, ಹೇಸಿ ಮಂದಿ!”

“ಹ್ವಾದ ವರ್ಷ ನಮ್ಮ ಹಳೇ ಕಂಪ್ರೆಸರ್ ಗುಜರಿಗೆ ಹಾಕಿದಾಗ ನೀ ಏನ್ ಮಾಡಿದ್ದಿ?” ಗಂಡ ಮೆಲ್ಲಗೆ ಕೇಳಿದ.

“ನಾ ಬರೇ ಬಣ್ಣ ಬಳದಿದ್ದಿಲ್ಲ! ನನ್ನ ಇಳಕಲ್ ಸೀರಿ ಕೆಂಪಂಚು ಹರದು, ಬೆಲ್ಲ-ಸುಣ್ಣ ಹಚ್ಚಿ, ತೂತಿಗೆ ಗಟ್ಟಿ ಮೆತ್ತೇ ಕೊಟ್ಟಿದ್ದೆ. ಇವರಂಗ ಮಾನಗೇಡಿ ಅಲ್ಲ ನಾ!”

ಹಾಗೆಂದವಳೇ ಚಾಕುವಿನಿಂದ ಆ ಜಾಗದ ನೀಲಿ ಬಣ್ಣ ಕೆರೆದಳು. ಬಣ್ಣದ ಹಿಂದೆಯೇ, ಸುಣ್ಣ ಮೆತ್ತಿಕೊಂಡ ಕೆಂಪಂಚು ಕಿತ್ತು ಅವಳ ಕೈಗೆ ಬಂತು.