ಉಪ್ಪ ತಂದ ಮೈಕ್ರೋವೇವ್

ಲಿಂಬೆಹೋಳು ಹಾಕಿದ ನೀರನ್ನು ಮೈಕ್ರೋವೇವ್‌ನಲ್ಲಿ ಬಿಸಿಗಿಟ್ಟಾಗಲೆಲ್ಲ ಕರಾವಳಿಯ ಹೂಡೆಯಲ್ಲಿದ್ದ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನನಗಾಗ ಒಂಬತ್ತು ವರ್ಷ. ದುಬೈಯಲ್ಲಿ ದುಡಿಯುತ್ತಿದ್ದ ನಮ್ಮ ತಂದೆ, ನಾವು ಉಪ್ಪ ಎನ್ನುತ್ತಿದ್ದವರು, ಎರಡು ವರ್ಷಗಳ ಬಳಿಕ ಒಂದು ತಿಂಗಳ ರಜೆಯಲ್ಲಿ ಬಂದಿದ್ದರು. ನಮ್ಮ ತಾಯಿ ಉಮ್ಮನಿಗೆಂದು ತಂದ ಮೈಕ್ರೋವೇವನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟರು. ಉಮ್ಮ ಬೆಳಗಿನ ಬಂಗುಡೆ ಸಾರನ್ನು ಸ್ಟೀಲ್ ಬಟ್ಟಲಲ್ಲಿ ತಂದಾಗ ಉಪ್ಪ ಥಟ್ಟನೆ ಅವರ ಕೈ ಹಿಡಿದರು.

"ಸ್ಟೀಲ್ ಬೇಡ, ಕಿಡಿ ಹಾರ್ತದೆ. ಗಾಜಿನದ್ದು ಉಂಟಲ್ವಾ?"

ಗಾಜಿನ ಬಟ್ಟಲಿಗೆ ಸುರಿದು, ಮೇಲೆ ಪಿಂಗಾಣಿ ತಟ್ಟೆಯನ್ನು ಓರೆಯಾಗಿ ಮುಚ್ಚಿ, ನೋಡದೆಯೇ ಗುಂಡಿ ಒತ್ತಿದರು. ನಡುವೆ ತಣ್ಣಗೆ ಉಳಿಯುತ್ತದೆಂದು ಅರ್ಧದಲ್ಲಿ ನಿಲ್ಲಿಸಿ ಕಲಕಿದರು. ಕೊನೆಗೆ ಅದರಲ್ಲೇ ಲಿಂಬೆನೀರು ಕುದಿಸಿ, ಹಬೆ ಕಟ್ಟಿದ ಒಳಗೋಡೆಗಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದರು. ಮನೆಯಲ್ಲಿ ಒಂದು ಲೋಟವನ್ನೂ ತೊಳೆದವರಲ್ಲ ಅವರು.

"ಇದೆಲ್ಲ ಎಲ್ಲಿ ಕಲಿತದ್ದು ನೀವು?" ಉಮ್ಮ ನಗುತ್ತ ಕೇಳಿದರು.

"ಅಲ್ಲಿಯ ರೂಮಿನಲ್ಲಿ. ಶುಕ್ರವಾರ ಸಾರು ಮಾಡಿಡುವುದು, ವಾರ ಇಡೀ ಅದನ್ನೇ ಬಿಸಿ ಮಾಡುವುದು."

"ಒಬ್ಬರೇ ಊಟ ಮಾಡುವುದಾ?"

"ಮತ್ತೆ? ಉಳಿದವರ ಶಿಫ್ಟ್ ಬೇರೆ."

ಉಮ್ಮನ ನಗು ನಿಂತಿತು. ಬಿಸಿಯಾದ ಸಾರನ್ನು ನನ್ನ ಮುಂದಿಟ್ಟು, "ಇದು ನಾನು, ಮಗಳು ತಿಂತೇವೆ. ನೀವು ಸ್ವಲ್ಪ ಕೂತ್ಕೊಳ್ಳಿ" ಎಂದು ಹೊಸ ಸಾರಿಗೆ ತೆಂಗಿನಕಾಯಿ ತುರಿಯಲು ಕುಳಿತರು.

ಆ ತಿಂಗಳಿಡೀ ಉಪ್ಪನ ತಟ್ಟೆಗೆ ಆಗಷ್ಟೇ ಒಲೆಯಿಂದ ಇಳಿಸಿದ್ದೇ ಬಿತ್ತು. ಅವರು ವಿಮಾನ ಹತ್ತಿದ ಮರುದಿನ ಉಮ್ಮ ಹಿಂದಿನ ದಿನದ ಸಾರನ್ನು ಮೈಕ್ರೋವೇವ್‌ನಲ್ಲಿಟ್ಟು, ಬಟ್ಟಲು ಒಳಗೆ ತಿರುಗುವುದನ್ನೇ ನೋಡುತ್ತ ನಿಂತಿದ್ದರು.