ನೂರಾ ಹನ್ನೆರಡು ಫೋಟೋ

"ಇನ್ನೆಲ್ಲಾದ್ರೂ ಉಳಿದಿದಾವಾ? ಸರಿಯಾಗಿ ನೋಡು." ರಾಮಚಂದ್ರಪ್ಪ ಮೂರನೆಯ ಸಲ ಕೇಳಿದರು.

ತೀರ್ಥಹಳ್ಳಿಯ ಸ್ಟುಡಿಯೋದಲ್ಲಿ ಗಣೇಶಮೂರ್ತಿ ಕಂಪ್ಯೂಟರನ್ನೆಲ್ಲ ಜಾಲಾಡಿದ್ದ. "ಇಲ್ಲ ಯಜಮಾನ್ರೇ. ನೂರಾ ಹನ್ನೆರಡೂ ನಿಮ್ಮ ಡಿಸ್ಕಿಗೆ ಬಂದ್ವು."

ಪಕ್ಕದಲ್ಲಿ ಸೊಸೆ ಸುಮನಾ ಕಣ್ಣೊರೆಸಿಕೊಂಡಳು. ಬೆಟ್ಟದ ಗುಡಿಯಲ್ಲಿ ಅವಳೂ ಹರ್ಷವರ್ಧನನೂ ಹಾರ ಬದಲಾಯಿಸಿ ಐದು ತಿಂಗಳಾಗಿತ್ತು. ಮಾವ ಅಂದು ಬಂದಿರಲಿಲ್ಲ. ನೋಂದಣಿಗೆ ಹೋಗಬೇಕೆಂದಿದ್ದ ವಾರವೇ ಹರ್ಷವರ್ಧನನ ಬೈಕು ಲಾರಿಗೆ ಸಿಕ್ಕಿತು. ತಿಥಿ ಮುಗಿದ ಮೇಲೆ ಮಾವನೇ ಬಂದು ಅವಳನ್ನು ಮನೆಗೆ ಕರೆದೊಯ್ದರು. ಹುಟ್ಟಲಿರುವ ಮಗುವಿಗೆ ಅಪ್ಪ ಅಮ್ಮನ ಮದುವೆ ತೋರಿಸಲು ಈ ಫೋಟೋಗಳಷ್ಟೇ ಇದ್ದವು.

"ಒಂದೇ ಡಿಸ್ಕನ್ನ ನಂಬ್ಬೇಡಿ. ನನ್ ಹತ್ರಾನೂ ಒಂದು ಪ್ರತಿ ಇರ್ಲಿ," ಎಂದ ಗಣೇಶಮೂರ್ತಿ.

"ಸತ್ತವನ ಮದುವೆ ಫೋಟೋ ಕಂಡವರ ಹತ್ರ ಇರಬಾರ್ದು ಮಾರಾಯ. ದೇವರ ಗೂಡಲ್ಲಿ ಇಡ್ತೀನಿ. ಅದಕ್ಕಿಂತ ಭದ್ರ ಜಾಗ ಯಾವುದಿದೆ? ನಿನ್ನವು ಅಳಿಸು."

ಅಳಿಸಿದ.

ಸುಮನಾಳ ಫೋನಿನವು ಬೆಳಿಗ್ಗೆಯೇ ಡಿಸ್ಕಿಗೆ ಹೋಗಿ ಅಳಿಸಿಹೋಗಿದ್ದವು. ವರ್ಷಾಂತಿಕ ಮುಗಿಯುವವರೆಗೆ ಅವು ಅವಳ ಕಣ್ಣಿಗೆ ಬೀಳಬಾರದು, ಹೋದವನ ಆತ್ಮ ತಿರುಗಿ ನೋಡುತ್ತದೆ ಎಂದಿದ್ದರು ಮಾವ. ಅವಳು ಅವರ ಕಾಲಿಗೆ ನಮಸ್ಕರಿಸಿ ಫೋನು ಕೊಟ್ಟಿದ್ದಳು.

ಹೊಸನಗರದಲ್ಲಿ ಹರ್ಷವರ್ಧನನ ಗೆಳೆಯ ಪೂರ್ಣೇಶನ ಸರದಿ. "ಫೋನಲ್ಲಿ ಅಳಿಸಿದ್ರೂ ಇಂಟರ್ನೆಟ್ಟಲ್ಲಿ ಒಂದು ಕೂತಿರುತ್ತಂತಲ್ಲ. ಅದನ್ನೂ ನೋಡಪ್ಪ," ಎಂದರು ರಾಮಚಂದ್ರಪ್ಪ.

ಪೂರ್ಣೇಶ್ ಅದನ್ನೂ ಅಳಿಸಿ ನಕ್ಕುಬಿಟ್ಟ. "ನಿನ್ನ ಮಾವ ನಮಗಿಂತ ಹುಷಾರು ಕಣೇ ಸುಮನಾ!"

ಸಾಗರದ ದಾರಿಯಲ್ಲಿ ಹಿನ್ನೀರಿನ ಸೇತುವೆ ಬಂತು. ಮಾವ ಕಾರು ನಿಲ್ಲಿಸಿದರು.

"ಅವನ ಹೆಸರಲ್ಲಿ ನೀರಿಗೆ ಹೂವು ಬಿಟ್ಟು ಬರ್ತೀನಿ. ಬಸುರಿ ನೀನು, ಇಳೀಬೇಡ."

ಹೂವೂ ಡಿಸ್ಕೂ ಇದ್ದ ಕೈಚೀಲ ಹಿಡಿದು ಹೋದರು. ಬಹಳ ಹೊತ್ತು ಕೈಮುಗಿದು ನಿಂತರು. ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಂದರು. ಅವರ ಕಣ್ಣು ಒದ್ದೆಯಾಗಿತ್ತು. ಸುಮನಾಳೂ ಕೂತಲ್ಲಿಂದಲೇ ನೀರಿಗೆ ಕೈಮುಗಿದಳು.

ಸಾಗರದ ಕಚೇರಿಯಲ್ಲಿ ಮನೆಯ ವಂಶವೃಕ್ಷ ಬರೆಸುವುದಿತ್ತು.

"ನಾನೂ ಬರ್ಲಾ ಮಾವಯ್ಯ?"

"ಬೇಡ ಮಗ, ಒಳಗೆ ಸೆಕೆ. ಮನೆಯವರ ಹೆಸರೆಲ್ಲ ಬರೆಸಿ ಬರ್ತೀನಿ."

ಗುಮಾಸ್ತ ಒಂದೊಂದೇ ಹೆಸರು ಬರೆದುಕೊಂಡ. "ಮಗ ಹರ್ಷವರ್ಧನ, ಮೃತ. ಹೆಂಡತಿ ಹೆಸರು?"

ರಾಮಚಂದ್ರಪ್ಪ ಹೆಗಲ ವಸ್ತ್ರದಿಂದ ಕಣ್ಣೊತ್ತಿಕೊಂಡರು.

"ಅವನಿಗೆ ಮದುವೆ ಆಗಿರ್ಲಿಲ್ಲ."