ಬಣ್ಣದಡಿಯ ಹಲಗೆ

ವಿಮಾ ಕಂಪನಿಯ ಸರ್ವೇಯರ್ ಸುತ್ತಿಗೆಯಿಂದ ತಟ್ಟುತ್ತಾ ಬಂದಾಗ ದೋಣಿಯ ಆ ಒಂದು ಹಲಗೆ ಮಾತ್ರ ಟಣ್ ಎನ್ನದೆ ಡಬ್ ಎಂದಿತು. ಪಕ್ಕದಲ್ಲಿ ನಿಂತಿದ್ದ ಅಣ್ಣ ಒಂದು ಹೆಜ್ಜೆ ಮುಂದೆ ಬಂದ. ತಮ್ಮನ ಜೀವ ತೆಗೆದುಕೊಂಡು ಮುಳುಗಿದ್ದ ದೋಣಿಯನ್ನು ನಿನ್ನೆಯಷ್ಟೇ ದಡಕ್ಕೆ ಎಳೆದು ತಂದಿದ್ದರು. ತೇಲಿಬಂದ ಮರದ ದಿಮ್ಮಿ ಬಡಿದು ಒಡೆಯಿತೆಂದು ಅಣ್ಣ ವಿಮೆಯ ಅರ್ಜಿಯಲ್ಲಿ ಬರೆದಿದ್ದ. ಹದಿನೈದು ದಿನಗಳಿಂದ ತನಗೆ ತಾನೂ ಅದನ್ನೇ ಹೇಳಿಕೊಳ್ಳುತ್ತಿದ್ದ.

"ನಮ್ಮ ಕಂಪನಿ ಗೊತ್ತಲ್ಲ ಯಜಮಾನ್ರೇ," ಎಂದ ಸರ್ವೇಯರ್, ಹಲಗೆಯ ಬಣ್ಣ ಕೆರೆಯುತ್ತಾ. "ಹೊಸ ಹಾನಿಗೆ ದುಡ್ಡು, ಹಳೆ ಹಾನಿಗೆ ನಮಸ್ಕಾರ."

ಅಣ್ಣ ನಗಲು ನೋಡಿದ. ನೀಲಿ ಬಣ್ಣ ಸಿಪ್ಪೆಯ ಹಾಗೆ ಸುಲಿದು ಬಂತು. ಅಡಿಯಲ್ಲಿ ಮೆತ್ತಗಾಗಿ ಕಪ್ಪಿಟ್ಟ ಮರ; ಅದರ ಮೇಲೆ ಕೆಂಪು ಪೆನ್ಸಿಲಿನ ದೊಡ್ಡ ಇಂಟು ಗುರುತು. ಬದಲಿಸಬೇಕಾದ ಹಲಗೆಗೆ ಹಾಗೆ ಗುರುತು ಹಾಕುತ್ತಿದ್ದವನು ತಮ್ಮ. "ಅಣ್ಣಾ, ಇದನ್ನ ತೆಗೀಲೇಬೇಕು ಕಣೋ" ಎಂದು ಹೋದ ವರ್ಷ ದುಂಬಾಲು ಬಿದ್ದಿದ್ದ. "ಈ ಸಲ ಬಣ್ಣ ಬಳಿಯೋಣ, ಮುಂದಿನ ಸಲ ನೋಡಿದರಾಯ್ತು" ಎಂದು ಬ್ರಷ್ ಕೈಗೆತ್ತಿಕೊಂಡವನು ಅಣ್ಣ.

ಸರ್ವೇಯರ್ ಗುರುತನ್ನು ನೋಡಿದ, ಅಣ್ಣನ ಮುಖವನ್ನು ನೋಡಿದ. ಕಂಪನಿಯಲ್ಲಿ ಕಲ್ಲೆದೆಯವನೆಂದು ಹೆಸರು ಮಾಡಿದ್ದವನು ಯಾಕೋ ಸುತ್ತಿಗೆಯನ್ನು ಚೀಲಕ್ಕೆ ಸೇರಿಸಿಬಿಟ್ಟ. "ದಿಮ್ಮಿ ಬಡಿದಿದ್ದೂ ಇರಬಹುದು. ಹಾಗೇ ಬರೀತೀನಿ ಬಿಡಿ."

ಅಣ್ಣ ಆ ಕೆಂಪು ಗೆರೆಗಳ ಮೇಲೆ ಅಂಗೈ ಇಟ್ಟ. "ಬೇಡ ಸಾರ್. ಹಳೇದು ಅಂತಲೇ ಬರೀರಿ. ಅವನು ಹೇಳಿದ್ದ ಅಂತಾನೂ ಬರೀರಿ."